ಶನಿವಾರದ ಬಟವಾಡೆ, ಮೂರನೇ ಮೋಲ್ಡು

ನಮ್ಮ ಮನೆ ಎದುರು ನಾಲ್ಕು ಮಹಡಿಯ ಕಟ್ಟಡವೊಂದು ಏಳುತ್ತಿದೆ. ಎರಡನೇ ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ, ಹಾಕಿದ ಮಾರನೇ ದಿನವೇ ಅಲ್ಲಿ ಸದ್ದು ನಿಂತಿತು. ಸಿಮೆಂಟ್ ಇತ್ತು, ಕಂಬಿ ಇತ್ತು, ಮಾಲೀಕರ ಹತ್ತಿರ ದುಡ್ಡೂ ಇತ್ತು. ಆ ದುಡ್ಡು ಕಂಟ್ರಾಕ್ಟರ್ ಕೈ ದಾಟಿ ಕೆಳಗಿಳಿದಿರಲಿಲ್ಲ. ಎರಡು ಶನಿವಾರ ಬಟವಾಡೆ ತಪ್ಪಿದ್ದೇ ತಡ, ಮೇಸ್ತ್ರಿ ತನ್ನ ಹುಡುಗರನ್ನೆಲ್ಲ ಕಟ್ಟಿಕೊಂಡು ಹೊಸಕೋಟೆ ಕಡೆಯ ಇನ್ನೊಂದು ಸೈಟಿಗೆ ಹೊರಟುಹೋದ.

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ನೌಕರರ ಕಷ್ಟಸುಖ ಕೇಳಲು ಎಚ್‌ಆರ್ ಅಂತ ಒಂದು ವಿಭಾಗವೇ ಇರುತ್ತದೆ. ಆ ಕಟ್ಟಡ ಕಟ್ಟಿದವರಿಗೆ ಎಚ್‌ಆರ್ ಅಂದರೆ ಮೇಸ್ತ್ರಿ. ರಾಯಚೂರಿನಿಂದ ಯಾರನ್ನು ಕರೆಸುವುದು, ಯಾರಿಗೆ ಎಷ್ಟು ಅಡ್ವಾನ್ಸ್, ಯಾವ ಹೆಲ್ಪರ್ ಕೈಗೆ ಕರಣೆ ಕೊಡಬಹುದು, ಎಲ್ಲ ಅವನ ತಲೆಯಲ್ಲೇ. ಅವನು ಹೋದರೆ ಇಡೀ ವಿಭಾಗವೇ ಎದ್ದು ಹೋದ ಹಾಗೆ.

ಮೂರು ವಾರದ ಮೇಲೆ ಹೊಸ ತಂಡ ಬಂತು. ಕೆಲಸಗಾರರೇನೋ ಗಟ್ಟಿಗರೇ. ಆದರೂ ಮೂರನೇ ಮೋಲ್ಡಿಗೆ ಎರಡನೆಯದಕ್ಕಿಂತ ಹೆಚ್ಚು ದಿನ ಹಿಡಿಯಿತು. ಸೋಮಾರಿಗಳು ಅಂತ ಮಾಲೀಕರು ಗೊಣಗಿದರು. ನನಗೆ ನೆನಪಾದದ್ದು ವಿಮಾನಗಳ ಲೆಕ್ಕ. 1936ರಲ್ಲಿ ಟಿ.ಪಿ. ರೈಟ್ ಎಂಬ ಅಮೆರಿಕದ ಎಂಜಿನಿಯರ್ ತೋರಿಸಿದ್ದು ಇದು: ತಯಾರಾದ ವಿಮಾನಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಒಂದು ವಿಮಾನಕ್ಕೆ ಸರಾಸರಿ ತಗಲುವ ದುಡಿಮೆ ಸುಮಾರು ಶೇ 20ರಷ್ಟು ಇಳಿಯುತ್ತದೆ. ಮೊದಲನೆಯದಕ್ಕೆ 1,000 ಗಂಟೆ ಹಿಡಿದಿದ್ದರೆ, ಎರಡು ಮುಗಿಯುವಾಗ ಸರಾಸರಿ 800, ನಾಲ್ಕು ಮುಗಿಯುವಾಗ 640. ಮನೆ ಕಟ್ಟುವಲ್ಲಿ ಈ ಇಳಿಕೆ ಇಷ್ಟು ಕಡಿದಲ್ಲ. ಮಳೆ, ಎಂ ಸ್ಯಾಂಡ್ ಲಾರಿ, ಟ್ರಾಫಿಕ್ ಎಲ್ಲ ಅಡ್ಡ ಬರುತ್ತವೆ. ಆದರೂ ಒಂದೇ ನಕ್ಷೆಯ ಮಹಡಿ ಮೇಲೆ ಮಹಡಿ ಏರುವಾಗ ಅದೇ ಕಲಿಕೆ ನಡೆಯುತ್ತದೆ. ಮೂಲೆಯ ಪಿಲ್ಲರಿಗೆ ಯಾವ ಹಲಗೆ ಕೂರುತ್ತದೆ, ಮೆಟ್ಟಿಲ ತಿರುವಿನಲ್ಲಿ ಕಂಬಿ ಕಟ್ಟಲು ಯಾರು ಮೊದಲು ಒಳಗೆ ನುಗ್ಗಬೇಕು, ಇಂಥದ್ದನ್ನೆಲ್ಲ ನಕ್ಷೆಯಲ್ಲಿ ಬರೆದಿರುವುದಿಲ್ಲ. ತಂಡ ಬದಲಾಯಿತೋ, ಗಂಟೆಗಳ ಲೆಕ್ಕ ಮತ್ತೆ ಮೇಲಿನಿಂದ ಶುರು. ತಪ್ಪಿದ ಎರಡು ಬಟವಾಡೆಗೆ ಮಾಲೀಕರು ತೆತ್ತ ಬೆಲೆ ಇದು. ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಪಳಗಿದ ಕೈಗಳ ಬೆಲೆ ಕಟ್ಟಿಸುವವರಿಗೆ ಗೊತ್ತಿಲ್ಲವೆಂದಲ್ಲ. 2020ರ ಮೇ 5ರಂದು ಬಿಲ್ಡರ್‌ಗಳ ಜೊತೆ ಸಭೆಯಾದ ಬೆನ್ನಿಗೇ ಲಾಕ್‌ಡೌನಿನಲ್ಲಿ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿತ್ತು. ಟೀಕೆ ಜೋರಾದ ಮೇಲೆ ಆ ನಿರ್ಧಾರ ಬದಲಾಯಿತು. ಉಳಿಸಿಕೊಳ್ಳುವುದಕ್ಕೂ ಹಿಡಿದಿಟ್ಟುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಈ ಊರು ಆಗಲೇ ನೋಡಿದೆ.

ಎದುರು ಸೈಟಿನ ಕಂಟ್ರಾಕ್ಟರ್ ಕಳೆದುಹೋದ ದಿನಗಳನ್ನು ತುಂಬಿಕೊಳ್ಳಲು ಫೋಕಸ್ ಲೈಟ್ ಹಾಕಿಸಿದ. ರಾತ್ರಿ ಹತ್ತರ ತನಕ ಕೆಲಸ, ಭಾನುವಾರವೂ ರಜೆಯಿಲ್ಲ. ಒಂದೆರಡು ವಾರ ಇದು ಲಾಭವೇ. ಆದರೆ ಬಿಸಿನೆಸ್ ರೌಂಡ್‌ಟೇಬಲ್ ಎಂಬ ಅಮೆರಿಕದ ಉದ್ಯಮಿಗಳ ಸಂಘ 1980ರಲ್ಲಿ ಕಟ್ಟಡ ಕಾಮಗಾರಿಗಳ ಓವರ್‌ಟೈಮ್ ಬಗ್ಗೆ ಕೊಟ್ಟ ವರದಿ ಹೀಗನ್ನುತ್ತದೆ: ವಾರಕ್ಕೆ 60 ಗಂಟೆಯ ದುಡಿಮೆ ಸುಮಾರು ಎರಡು ತಿಂಗಳು ದಾಟಿದರೆ, ಅಷ್ಟೇ ಜನ ವಾರಕ್ಕೆ 40 ಗಂಟೆ ದುಡಿದು ಮುಗಿಸುವುದಕ್ಕಿಂತಲೂ ಕೆಲಸ ತಡವಾಗುತ್ತದೆ. ದಣಿದ ಕೈ ತಪ್ಪು ಕಟ್ಟುತ್ತದೆ. ಒಡೆಯುವುದಕ್ಕೂ ಕೂಲಿ, ಮತ್ತೆ ಕಟ್ಟುವುದಕ್ಕೂ ಕೂಲಿ. ಹೀಗೆ ಹೇಳಿದವರು ಕಾರ್ಮಿಕ ಮುಖಂಡರಲ್ಲ, ದುಡ್ಡು ಹಾಕುವ ಉದ್ಯಮಿಗಳು ಅನ್ನುವುದು ನನಗೆ ಇಷ್ಟವಾದ ಸಂಗತಿ.

ಆ ಎರಡನೇ ಮೋಲ್ಡ್ ಏನಾಯಿತು? ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಸಿಮೆಂಟ್ ನೀರಿನ ಜೊತೆ ರಾಸಾಯನಿಕವಾಗಿ ಸೇರಿ ಗಟ್ಟಿಯಾಗುತ್ತದೆ. ನೀರು ಆರಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕ ಐಎಸ್ 456 ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನ ಕ್ಯೂರಿಂಗ್ ಮಾಡಿ, ಅಂದರೆ ಒದ್ದೆಯಾಗಿಡಿ ಅನ್ನುತ್ತದೆ. ತಂಡ ಹೊರಟದ್ದು ಮಾರನೇ ದಿನ. ಆ ಹತ್ತು ದಿನವೂ ಪೈಪ್ ಹಿಡಿದು ಮೋಲ್ಡಿನ ಮೇಲೆ ನೀರು ನಿಲ್ಲಿಸಿದ್ದು ವಾಚ್‌ಮನ್ ಹೆಂಡತಿ, ಕೂಸನ್ನು ಹಳೇ ಸೀರೆಯ ಜೋಲಿಯಲ್ಲಿ ಮಲಗಿಸಿ. ಬಟವಾಡೆ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ.