ಡಬಲ್ ಮಾರ್ಕರ್‌ನಲ್ಲಿ ‘ಹೈ ರಿಸ್ಕ್’ ಬಂದರೆ ಮಗುವಿಗೆ ತೊಂದರೆ ಇದೆ ಅಂತಲೇ?

ಪ್ರಶ್ನೆ: ನನಗೆ 29 ವರ್ಷ. ಗರ್ಭಿಣಿಯರಿಗೆ ಮೂರನೇ ತಿಂಗಳ ಹೊತ್ತಿಗೆ ಮಾಡುವ ಡಬಲ್ ಮಾರ್ಕರ್ ರಕ್ತಪರೀಕ್ಷೆಯಲ್ಲಿ ಡೌನ್ ಸಿಂಡ್ರೋಮ್‌ಗೆ ‘1:150, ಹೈ ರಿಸ್ಕ್’ ಎಂದು ಬಂದಿದೆ. ಮಗುವಿಗೆ ತೊಂದರೆ ಇದೆ ಅಂತ ಅರ್ಥವಾ? ಅತ್ತೆ ಅಳುತ್ತಿದ್ದಾರೆ.
(ಓದುಗರು, ಕಾಪು)

ಉತ್ತರ: ಅಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ರಿಪೋರ್ಟ್ ಮೊಬೈಲಿಗೆ ಬರುತ್ತದೆ, ಅಲ್ಲಿಂದ ದುಬೈಯಲ್ಲಿರುವ ಗಂಡನಿಗೆ ಹೋಗುತ್ತದೆ. ಡಾಕ್ಟರ ಹತ್ತಿರ ಹೋಗುವ ಮೊದಲೇ ಮನೆಯಲ್ಲಿ ಅಳು ಶುರು.

1:150 ಎಂದರೆ, ಇಂಥದ್ದೇ ರಿಪೋರ್ಟ್ ಬಂದ 150 ಗರ್ಭಿಣಿಯರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ (ಜೀವಕೋಶದಲ್ಲಿ ಒಂದು ಕ್ರೋಮೋಸೋಮ್, ಅಂದರೆ ವಂಶವಾಹಿ ಎಳೆ, ಹೆಚ್ಚಾಗಿದ್ದು ಬುದ್ಧಿ ಮತ್ತು ಬೆಳವಣಿಗೆ ನಿಧಾನವಾಗುವ ಸ್ಥಿತಿ) ಇರಬಹುದು. ಉಳಿದ 149 ಮಕ್ಕಳಿಗೆ ಇರುವುದಿಲ್ಲ. ಉಡುಪಿಯಿಂದ ಮಂಗಳೂರಿಗೆ ಹೊರಟ ಮೂರು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಐವತ್ತೈವತ್ತು ಜನ ಇದ್ದಾರೆ ಎಂದುಕೊಳ್ಳಿ. ಅಷ್ಟೂ ಜನರಲ್ಲಿ ಒಬ್ಬರು!

ಹಾಗಾದರೆ ‘ಹೈ ರಿಸ್ಕ್’ ಅಂತ ಯಾಕೆ ಬರೆಯುತ್ತಾರೆ? ಎಷ್ಟೋ ಲ್ಯಾಬುಗಳು 1:250ಕ್ಕೆ ಒಂದು ಗೆರೆ ಹಾಕಿಕೊಂಡಿವೆ. ಅಪಾಯ ಅದಕ್ಕಿಂತ ಹೆಚ್ಚು ಬಂದವರಿಗೆಲ್ಲ, ನಿಮ್ಮ 1:150ರ ಹಾಗೆ, ‘ಹೈ ರಿಸ್ಕ್’ ಎಂದು ಬರೆಯುತ್ತಾರೆ. ಮುಂದಿನ ಪರೀಕ್ಷೆ ಯಾರಿಗೆ ಬೇಕು ಎಂದು ಆರಿಸುವುದಕ್ಕೆ ಮಾತ್ರ ಆ ಗೆರೆ. ಈ ಟೆಸ್ಟ್ ಮಗುವಿನ ಕ್ರೋಮೋಸೋಮ್‌ಗಳನ್ನು ನೋಡುವುದೇ ಇಲ್ಲ. ತಾಯಿಯ ರಕ್ತದಲ್ಲಿರುವ ಪ್ಯಾಪ್-ಎ ಮತ್ತು ಬೀಟಾ ಎಚ್‌ಸಿಜಿ ಎಂಬ ಎರಡು ಅಂಶಗಳು, ತಾಯಿಯ ವಯಸ್ಸು, ಸ್ಕ್ಯಾನಿನಲ್ಲಿ ಕಂಡ ಮಗುವಿನ ಕತ್ತಿನ ಹಿಂದಿನ ನೀರಿನ ಪದರ (ಎನ್‌ಟಿ) ಇವನ್ನೆಲ್ಲ ಸೇರಿಸಿ ಹಾಕಿದ ಲೆಕ್ಕ ಅದು. ರಕ್ತದ ಈ ಅಂಶಗಳು ವಾರದಿಂದ ವಾರಕ್ಕೆ ಬದಲಾಗುತ್ತವೆ. ಗರ್ಭದ ವಾರ ತಪ್ಪಾಗಿ ನಮೂದಾಗಿದ್ದರೆ ಇಡೀ ಲೆಕ್ಕವೇ ತಪ್ಪು. ಆದ್ದರಿಂದ ಮೊದಲು ರಿಪೋರ್ಟಿನಲ್ಲಿರುವ ವಾರ, ವಯಸ್ಸು, ತೂಕ ಸರಿ ಇದೆಯಾ ನೋಡಿ.

ಆಮೇಲೆ ಡಾಕ್ಟರ ಜೊತೆ ಕೂತು ಮಾತಾಡಿ. ಎನ್‌ಐಪಿಟಿ ಇನ್ನೊಂದು ರಕ್ತಪರೀಕ್ಷೆ. ಡೌನ್ ಸಿಂಡ್ರೋಮ್ ವಿಷಯದಲ್ಲಿ ಡಬಲ್ ಮಾರ್ಕರ್‌ಗಿಂತ ಬಹಳ ನಿಖರ. ಆದರೆ ಅದೂ ಸ್ಕ್ರೀನಿಂಗೇ, ಅಂದರೆ ಸಾಧ್ಯತೆ ಹೇಳುವ ಪರೀಕ್ಷೆ, ಖಚಿತ ಉತ್ತರ ಅಲ್ಲ. ಖಚಿತ ಉತ್ತರ ಬೇಕಾದರೆ ಮಾಸಿನ (ಪ್ಲಾಸೆಂಟಾ) ಸಣ್ಣ ಚೂರು ತೆಗೆದು ಮಾಡುವ ಸಿವಿಎಸ್, ಇಲ್ಲವೇ 15 ವಾರ ಕಳೆದ ಮೇಲೆ ಗರ್ಭದ ನೀರು ತೆಗೆದು ಮಾಡುವ ಆಮ್ನಿಯೊಸೆಂಟೆಸಿಸ್. ಎರಡರಲ್ಲೂ ಗರ್ಭಪಾತದ ಸಣ್ಣ ಅಪಾಯ ಇದೆ, ಅದನ್ನು ಕೇಳಿ ತಿಳಿದೇ ಒಪ್ಪಿಕೊಳ್ಳಿ. ಎನ್‌ಟಿ ಜಾಸ್ತಿ ಬಂದಿದ್ದರೆ ಡಾಕ್ಟರು ನೇರವಾಗಿ ಇವನ್ನೇ ಸೂಚಿಸಬಹುದು.

‘ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲವಲ್ಲ’ ಎಂಬ ಮಾತೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಡೌನ್ ಸಿಂಡ್ರೋಮ್ ಬಹುಪಾಲು ವಂಶದಿಂದ ಬರುವುದಲ್ಲ.

ನೀವು ಕೇಳದ ಇನ್ನೊಂದು ವಿಷಯ. ‘ಲೋ ರಿಸ್ಕ್’ ಬಂದವರು ನಿರಾಳವಾಗಿ 18ರಿಂದ 20 ವಾರದ ಅನಾಮಲಿ ಸ್ಕ್ಯಾನನ್ನೇ ಬಿಟ್ಟುಬಿಡುತ್ತಾರೆ. ನನಗೆ ಹೆಚ್ಚು ಚಿಂತೆ ಇವರದ್ದೇ. ಮಗುವಿನ ಹೃದಯ, ಬೆನ್ನುಹುರಿ, ಕಿಡ್ನಿ ಸರಿಯಾಗಿ ಬೆಳೆದಿವೆಯಾ ಎಂದು ವಿವರವಾಗಿ ನೋಡುವುದು ಆ ಸ್ಕ್ಯಾನಿನಲ್ಲಿ. ಡಬಲ್ ಮಾರ್ಕರ್ ಎಷ್ಟೇ ಚೆನ್ನಾಗಿ ಬಂದಿರಲಿ, ಅದನ್ನು ತಪ್ಪಿಸಬೇಡಿ.