ಡಿಸ್ಕ್ ಪ್ಲೇಯರ್‌ನಿಂದ ಪ್ಯಾನೆಲ್‌ಗೆ ಚಿತ್ರ ಸರಿಯಾಗಿ ಬಾರದಿದ್ದಾಗ: ದೋಷ ಹುಡುಕುವ ಬಗೆ

ಕಳೆದ ತಿಂಗಳು, ನಾನು ಕೆಲಸ ಕಲಿಯುತ್ತಿರುವ ಮಂಡ್ಯದ ರಿಪೇರಿ ಅಂಗಡಿಯಿಂದ ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿ ಶಾಲೆಯೊಂದಕ್ಕೆ ಹೋಗಬೇಕಾಯಿತು. ದಾನಿಯೊಬ್ಬರು ಕೊಟ್ಟ 32 ಇಂಚಿನ ಎಲ್‌ಇಡಿ ಪ್ಯಾನೆಲ್‌ಗೆ ಶಾಲೆಯ ಹಳೆಯ ಡಿವಿಡಿ ಪ್ಲೇಯರನ್ನು ಜೋಡಿಸಿದ್ದರು. ಧ್ವನಿ ಸರಿಯಾಗಿತ್ತು, ಚಿತ್ರ ಮಾತ್ರ ಕಪ್ಪುಬಿಳುಪಾಗಿತ್ತು. “ಮೂರು ವೈರು ಬದಲಾಯಿಸಿ ನೋಡ್ದೆ ಕಣಪ್ಪ, ಬಣ್ಣವೇ ಬರ್ತಿಲ್ಲ. ಪ್ಲೇಯರೇ ಕೆಟ್ಟಿರಬೇಕು” ಎಂದರು ಮೇಷ್ಟ್ರು. ಪ್ಲೇಯರ್ ಕೆಟ್ಟಿರಲಿಲ್ಲ, ವೈರೂ ಕೆಟ್ಟಿರಲಿಲ್ಲ. ಓಡುತ್ತಿದ್ದದ್ದು ದಸರಾ ಮೆರವಣಿಗೆಯ ಡಿಸ್ಕು. ಪರದೆಗೆ ಒಂದಡಿ ಹತ್ತಿರ ಹೋಗಿ ನೋಡಿದಾಗ, ಆನೆಯ ಮೈಮೇಲಿನ ಕೆಂಪು ಜೂಲು ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಮೇಲೆ ಸೊಳ್ಳೆಪರದೆಯಂತಹ ಸಣ್ಣ ಚುಕ್ಕೆಗಳ ಬಲೆ ಕಾಣಿಸಿತು. ಬಿಳಿ ಅಂಗಿ ತೊಟ್ಟವರ ಮೇಲೆ ಆ ಬಲೆ ಇರಲಿಲ್ಲ. ದೋಷ ಎಲ್ಲಿದೆ ಎಂಬುದನ್ನು ಆ ಚುಕ್ಕೆಗಳೇ ಹೇಳಿದವು. ಅದು ಹೇಗೆಂದು ತಿಳಿಯಬೇಕಾದರೆ ಪ್ಲೇಯರ್‌ನಿಂದ ಚಿತ್ರ ತರುವ ಹಳದಿ ಪಿನ್ನಿನೊಳಗೆ ಏನು ಹರಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಹಳದಿ ಪಿನ್ನಿನ ಒಂದೇ ತಂತಿಯಲ್ಲಿ ಹೊಳಪು, ಬಣ್ಣ ಮತ್ತು ಸಿಂಕ್ (ಪ್ರತಿ ಸಾಲು, ಪ್ರತಿ ಚಿತ್ರ ಎಲ್ಲಿ ಶುರುವಾಗಬೇಕೆಂದು ಹೇಳುವ ಗುರುತು) ಮೂರೂ ಬೆರೆತು ಹರಿಯುತ್ತವೆ. ಇದನ್ನು ಕಾಂಪೊಸಿಟ್ ಎನ್ನುತ್ತೇವೆ. ಇದರ ಒಟ್ಟು ಎತ್ತರ ಸುಮಾರು 1 ವೋಲ್ಟ್, ಅದರಲ್ಲಿ 0.3 ವೋಲ್ಟ್ ಸಿಂಕ್‌ಗೆ, 0.7 ವೋಲ್ಟ್ ಚಿತ್ರಕ್ಕೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಬಣ್ಣವು 4.43 ಮೆಗಾಹರ್ಟ್ಸ್‌ನ ಅಲೆಯೊಂದರ ಮೇಲೆ ಕುಳಿತು ಹೊಳಪಿನ ಜೊತೆಗೇ ಬರುತ್ತದೆ. ಕಾಂಪೊನೆಂಟ್ ಜೋಡಣೆಯಲ್ಲಾದರೋ ಹಸಿರು, ನೀಲಿ, ಕೆಂಪು ಎಂಬ ಮೂರು ಪಿನ್ನುಗಳಿದ್ದು, ಹಸಿರಿನಲ್ಲಿ ಹೊಳಪು ಮತ್ತು ಸಿಂಕ್, ಉಳಿದ ಎರಡರಲ್ಲಿ ಬಣ್ಣದ ವ್ಯತ್ಯಾಸ ಬರುತ್ತದೆ. ಹೆಸರುಗಳು ಹೆಚ್ಚುಕಡಿಮೆ ಒಂದೇ ರೀತಿ ಕೇಳಿಸುವುದರಿಂದ ಕಲಿಯುವವರು ಇಲ್ಲಿಯೇ ಎಡವುತ್ತಾರೆ. ಅದರ ಮೇಲೆ, ಈಚಿನ ಅನೇಕ ಪ್ಯಾನೆಲ್‌ಗಳಲ್ಲಿ ಜಾಗ ಉಳಿಸಲೆಂದು ಹಳದಿಗೂ ಹಸಿರಿಗೂ ಒಂದೇ ಸಾಕೆಟ್ ಕೊಟ್ಟು, ಅದು ಯಾವ ಕೆಲಸ ಮಾಡಬೇಕೆಂಬುದನ್ನು ಸೋರ್ಸ್ ಮೆನುವಿಗೆ ಬಿಟ್ಟಿರುತ್ತಾರೆ.

ಶಾಲೆಯಲ್ಲಿ ಹಳದಿ ಪಿನ್ನು ಆ ಸಾಕೆಟ್‌ನಲ್ಲೇ ಇತ್ತು, ಆದರೆ ಸೋರ್ಸ್ ಕಾಂಪೊನೆಂಟ್ ಮೇಲೆ ನಿಂತಿತ್ತು. ಪ್ಯಾನೆಲ್ ಬಂದದ್ದನ್ನೆಲ್ಲ ಬರೀ ಹೊಳಪೆಂದು ಭಾವಿಸಿ, 4.43 ಮೆಗಾಹರ್ಟ್ಸ್‌ನ ಬಣ್ಣದ ಅಲೆಯನ್ನೂ ಚುಕ್ಕೆಗಳಾಗಿ ತೋರಿಸುತ್ತಿತ್ತು. ಬಣ್ಣ ಗಾಢವಿದ್ದಷ್ಟೂ ಅಲೆ ದೊಡ್ಡದು, ಆದ್ದರಿಂದಲೇ ಕೆಂಪಿನ ಮೇಲೆ ಬಲೆ ಎದ್ದು ಕಾಣುತ್ತಿತ್ತು. ಸೋರ್ಸನ್ನು ಎವಿಗೆ, ಅಂದರೆ ಕಾಂಪೊಸಿಟ್‌ಗೆ, ಬದಲಿಸಿದೊಡನೆ ಬಣ್ಣ ಬಂತು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಕಾಂಪೊನೆಂಟ್‌ನ ಹಸಿರು ಪಿನ್ನನ್ನು ಎವಿ ಸೋರ್ಸ್‌ನಲ್ಲಿ ನೋಡಿದರೂ ಚಿತ್ರ ಕಪ್ಪುಬಿಳುಪಾಗಿಯೇ ಬರುತ್ತದೆ, ಆದರೆ ಆಗ ಚುಕ್ಕೆಗಳಿರುವುದಿಲ್ಲ, ಏಕೆಂದರೆ ಆ ತಂತಿಯಲ್ಲಿ ಬಣ್ಣವೇ ಇಲ್ಲ. ಚುಕ್ಕೆಯಿದ್ದರೆ ಬಣ್ಣ ಬಾಗಿಲವರೆಗೆ ಬಂದಿದೆ, ಪ್ಯಾನೆಲ್ ಅದನ್ನು ಬಿಡಿಸುತ್ತಿಲ್ಲ. ಇಲ್ಲದಿದ್ದರೆ ಬಣ್ಣ ಬಂದೇ ಇಲ್ಲ. ಕೇಬಲ್ ಬದಲಿಸುವ ಮೊದಲು ಇಷ್ಟನ್ನು ಕಣ್ಣಿನಿಂದಲೇ ತಿಳಿಯಬಹುದು.

ಇದರ ಹಿಂದಿರುವ ಮಾತು ಒಂದೇ. ಈ ಹಳದಿ, ಹಸಿರು ಪಿನ್ನುಗಳಂತಹ ಅನಲಾಗ್ ಜೋಡಣೆಯಲ್ಲಿ ಪ್ಲೇಯರ್‌ಗೆ ಎದುರಿಗೆ ಯಾವ ಪ್ಯಾನೆಲ್ ಇದೆಯೆಂಬುದು ಗೊತ್ತಾಗುವುದಿಲ್ಲ. ತನ್ನ ಸೆಟಪ್ ಮೆನುವಿನಲ್ಲಿ ಹೇಳಿದ್ದನ್ನು ಅದು ಕಳಿಸುತ್ತಲೇ ಇರುತ್ತದೆ, ಎರಡೂ ಕಡೆ ಹೊಂದಿಸುವ ಹೊಣೆ ನಮ್ಮದು. ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲ್‌ನಲ್ಲಿ ಡಿಜಿಟಲ್ ಆಗಿ ಒಯ್ಯುವ ಎಚ್‌ಡಿಎಂಐನಲ್ಲಿ ಪ್ಲೇಯರ್ ಮೊದಲು ಪ್ಯಾನೆಲನ್ನು ಕೇಳಿ, ಉತ್ತರ ಬಂದ ಮೇಲೆ ಕಳಿಸುತ್ತದೆ. ಆದ್ದರಿಂದ ಅನಲಾಗ್‌ನಲ್ಲಿ ಹುಡುಕಬೇಕಾದದ್ದು ಹೊಂದಿಕೆಯ ತಪ್ಪನ್ನು, ಎಚ್‌ಡಿಎಂಐನಲ್ಲಿ ಹುಡುಕಬೇಕಾದದ್ದು ಮಾತುಕತೆ ಎಲ್ಲಿ ಮುರಿಯಿತೆಂಬುದನ್ನು.

ಹೊಂದಿಕೆಯ ತಪ್ಪುಗಳಲ್ಲಿ ಎರಡು ಪದೇ ಪದೇ ಸಿಗುತ್ತವೆ. ಮೊದಲನೆಯದು ಪದ್ಧತಿಯದು. ಮೈಸೂರಿನ ಸ್ಟುಡಿಯೋದವರು ಮಾಡಿಕೊಟ್ಟ ಮದುವೆಯ ಡಿವಿಡಿ ಸಾಮಾನ್ಯವಾಗಿ ಪಾಲ್, ಅಂದರೆ 625 ಸಾಲು, ಸೆಕೆಂಡಿಗೆ 50 ಫೀಲ್ಡ್ (ಒಂದು ಬಿಟ್ಟು ಒಂದು ಸಾಲಿನ ಅರ್ಧ ಚಿತ್ರ). ಅಮೆರಿಕದಲ್ಲಿರುವ ಮಗಳು ಕಳಿಸಿದ ಡಿಸ್ಕ್ ಎನ್‌ಟಿಎಸ್‌ಸಿ, ಅಂದರೆ 525 ಸಾಲು, ಸುಮಾರು 60 ಫೀಲ್ಡ್, ಬಣ್ಣದ ಅಲೆ 3.58 ಮೆಗಾಹರ್ಟ್ಸ್. ಒಂದು ಡಿಸ್ಕ್ ಸರಿಯಾಗಿ ಕಂಡು ಇನ್ನೊಂದರಲ್ಲಿ ಬಣ್ಣ ಹೋದರೆ ಅಥವಾ ಚಿತ್ರ ಉರುಳಿದರೆ, ಪ್ಲೇಯರ್‌ನ ಟಿವಿ ಸಿಸ್ಟಂ ಮತ್ತು ಪ್ಯಾನೆಲ್‌ನ ಕಲರ್ ಸಿಸ್ಟಂ ಎರಡನ್ನೂ ನೋಡಬೇಕು. ಎರಡನೆಯದು ಪ್ರೊಗ್ರೆಸಿವ್ ಸ್ಕ್ಯಾನ್, ಅಂದರೆ ಅರ್ಧರ್ಧದ ಬದಲು ಎಲ್ಲ ಸಾಲುಗಳನ್ನೂ ಒಂದೇ ಸಲಕ್ಕೆ ಕಳಿಸುವುದು. ಇದನ್ನು ಆನ್ ಮಾಡಿದರೆ ಸಾಲುಗಳ ವೇಗ ಸೆಕೆಂಡಿಗೆ 15,625ರಿಂದ 31,250ಕ್ಕೆ ಏರುತ್ತದೆ. ಅನೇಕ ಪ್ಲೇಯರ್‌ಗಳಲ್ಲಿ ಆಗ ಹಳದಿ ಸಾಕೆಟ್‌ನಿಂದ ಉಪಯೋಗಕ್ಕೆ ಬರುವ ಚಿತ್ರ ಸಿಗುವುದೇ ಇಲ್ಲ. ಚಿತ್ರವೇ ಇಲ್ಲದ ಮೇಲೆ ಮೆನು ತೆರೆದು ಸರಿಪಡಿಸುವುದು ಹೇಗೆ ಎಂದು ಕೈಕಟ್ಟಿ ಕೂರಬೇಕಾಗಿಲ್ಲ. ಅನೇಕ ರಿಮೋಟ್‌ಗಳಲ್ಲಿ ವಿಡಿಯೊ ಮೋಡ್ ಅಥವಾ ಪಿ-ಸ್ಕ್ಯಾನ್ ಎಂಬ ಗುಂಡಿ ಇರುತ್ತದೆ. ಡಿಸ್ಕ್ ಹೊರಗೆ ತೆಗೆದು, ಪ್ರತಿ ಸಲವೂ ನಾಲ್ಕೈದು ಸೆಕೆಂಡು ಕಾಯುತ್ತ ಅದನ್ನು ಒತ್ತಿದರೆ ಔಟ್‌ಪುಟ್ ಒಂದೊಂದಾಗಿ ಬದಲಾಗುತ್ತದೆ.

ಸೆಟ್ಟಿಂಗ್ ಎಲ್ಲ ಸರಿಯಿದ್ದೂ ಪ್ಯಾನೆಲ್ “ಸಿಗ್ನಲ್ ಇಲ್ಲ” ಎಂದರೆ ದಾರಿಯನ್ನು ಅರ್ಧಕ್ಕೆ ಸೀಳಿ ನೋಡಿ. ಸೆಟ್‌ಟಾಪ್ ಬಾಕ್ಸ್‌ನ ಎವಿ ಔಟ್‌ಪುಟ್ಟನ್ನು ಅದೇ ಕೇಬಲ್‌ನಿಂದ ಅದೇ ಸಾಕೆಟ್‌ಗೆ ಕೊಟ್ಟಾಗ ಚಿತ್ರ ಬಂದರೆ ಪ್ಯಾನೆಲ್ ಮತ್ತು ಕೇಬಲ್ ಎರಡೂ ನಿರಪರಾಧಿಗಳು. ಬಾರದಿದ್ದರೆ ಹಳದಿಯ ಬದಲು ಧ್ವನಿಯ ಬಿಳಿ ತಂತಿಯನ್ನೇ ಚಿತ್ರಕ್ಕೆ ಬಳಸಿ ನೋಡಿ. ಒಂದೂವರೆ ಮೀಟರ್ ಉದ್ದಕ್ಕೆ ಅದು ಧಾರಾಳವಾಗಿ ಸಾಕು. ಮಲ್ಟಿಮೀಟರ್‌ನಲ್ಲಿ ನಡುಪಿನ್ನಿನಿಂದ ನಡುಪಿನ್ನಿಗೆ ಬೀಪ್ ಬರಬೇಕು, ನಡುಪಿನ್ನಿನಿಂದ ಹೊರಬಳೆಗೆ ಬರಬಾರದು. ಪಿನ್ನಿನ ಬುಡವನ್ನು ಬಗ್ಗಿಸುತ್ತಲೇ ಅಳೆಯಿರಿ, ಲೂಸ್ ಕಾಂಟ್ಯಾಕ್ಟ್ ಹೆಚ್ಚಾಗಿ ಅಡಗಿರುವುದು ಅಲ್ಲಿಯೇ.

ಒಂದೇ ಪ್ಲೇಯರ್‌ನಿಂದ ಒಂದನ್ನು ಎರಡಾಗಿ ಕವಲೊಡೆಸುವ ವೈ-ಕೇಬಲ್ ಹಾಕಿ ಎರಡು ಪ್ಯಾನೆಲ್‌ಗೆ ಕೊಟ್ಟಾಗ ಚಿತ್ರ ಏಕೆ ಮಂಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಿ. ಪ್ಲೇಯರ್ ಒಳಗೆ 2 ವೋಲ್ಟ್, ಅದರ ಮುಂದೆ 75 ಓಮ್. ಪ್ಯಾನೆಲ್‌ನ ಒಳಬಾಗಿಲಲ್ಲೂ 75 ಓಮ್. ಸಮಪಾಲಾಗಿ ಪ್ಯಾನೆಲ್‌ಗೆ 1 ವೋಲ್ಟ್ ಸಿಗುತ್ತದೆ. ಎರಡು ಪ್ಯಾನೆಲ್ ಆದರೆ 75ಕ್ಕೆ 75 ಸಮಾಂತರವಾಗಿ 37.5 ಓಮ್, ಸಿಗುವುದು 2 × 37.5 ÷ 112.5, ಅಂದರೆ 0.67 ವೋಲ್ಟ್. ಸಿಂಕ್ ಕೂಡ 0.3ರಿಂದ 0.2ಕ್ಕೆ ಇಳಿಯುವುದರಿಂದ ಕೆಲವು ಪ್ಯಾನೆಲ್‌ಗಳಲ್ಲಿ ಚಿತ್ರ ಅಲುಗಾಡುತ್ತದೆ.

ಇನ್ನು ಎಚ್‌ಡಿಎಂಐ. ಇದರ 19 ಪಿನ್ನುಗಳಲ್ಲಿ 18ನೆಯದು ಪ್ಲೇಯರ್ ಕೊಡುವ 5 ವೋಲ್ಟ್, 19ನೆಯದು ಪ್ಯಾನೆಲ್ “ನಾನಿದ್ದೇನೆ” ಎಂದು ತಿಳಿಸುವ ಹಾಟ್ ಪ್ಲಗ್, 15 ಮತ್ತು 16 ಮಾತುಕತೆಯ ತಂತಿಗಳು. ಪ್ಯಾನೆಲ್ ತನಗೆ ಯಾವ ರೆಸಲ್ಯೂಷನ್ ಸಾಧ್ಯವೆಂಬುದನ್ನು ಇಡಿಐಡಿ ಎಂಬ ಪಟ್ಟಿಯಲ್ಲಿ ತಿಳಿಸುತ್ತದೆ. ಆಮೇಲೆ ಎಚ್‌ಡಿಸಿಪಿ ಎಂಬ ನಕಲು ತಡೆಯ ಗುರುತು ಪರೀಕ್ಷೆ ನಡೆಯುತ್ತದೆ. ಎಚ್‌ಡಿಸಿಪಿ ಇಲ್ಲದ ಹಳೆಯ ಡಿವಿಐ ಮಾನಿಟರ್‌ಗೆ ಜೋಡಿಸಿದರೆ ಕೆಲವು ಪ್ಲೇಯರ್‌ಗಳ ಮೆನು ಕಾಣಿಸಿ, ಡಿಸ್ಕ್ ಓಡತೊಡಗಿದೊಡನೆ ಪರದೆ ಕಪ್ಪಾಗುವುದು ಇದರಿಂದಲೇ. ಅದಕ್ಕೆ ಕೇಬಲ್ ಮದ್ದಲ್ಲ. ಮಾತುಕತೆ ನಡುವೆ ಸಿಕ್ಕಿಕೊಂಡಿದ್ದರೆ ಎರಡನ್ನೂ ಗೋಡೆಯ ಸ್ವಿಚ್‌ನಲ್ಲೇ ಆರಿಸಿ, ಒಂದು ನಿಮಿಷ ಬಿಟ್ಟು, ಮೊದಲು ಪ್ಯಾನೆಲ್, ಆಮೇಲೆ ಪ್ಲೇಯರ್ ಹಚ್ಚಬೇಕು. ಚಿತ್ರದಲ್ಲಿ ಬಿಳಿ ಮಿಂಚುಚುಕ್ಕೆಗಳು ಸಿಡಿಯುತ್ತಿದ್ದರೆ ರೆಸಲ್ಯೂಷನ್ನನ್ನು 1080ಪಿಯಿಂದ 576ಪಿಗೆ ಇಳಿಸಿ ನೋಡಿ. 1080ಪಿ 60ರ ಗಡಿಯಾರ (ಚಿತ್ರದ ಬಿಂದುಗಳು ಸಾಗುವ ವೇಗ) 148.5 ಮೆಗಾಹರ್ಟ್ಸ್, 576ಪಿಯದು ಬರೀ 27. ಇಳಿಸಿದಾಗ ಚಿತ್ರ ಶುದ್ಧವಾದರೆ ಕೇಬಲ್ ದುರ್ಬಲವಾಗಿರುವ ಸಾಧ್ಯತೆಯೇ ಹೆಚ್ಚು.

ವಿಜಿಎ ಮಾತ್ರ ಇರುವ ಕಂಪ್ಯೂಟರ್ ಮಾನಿಟರ್‌ಗೆ ಹಳದಿ ಪಿನ್ನನ್ನು ಬರೀ ಕೇಬಲ್‌ನಿಂದ ಜೋಡಿಸಲಾಗದು, ಕನ್ವರ್ಟರ್ ಪೆಟ್ಟಿಗೆಯೇ ಬೇಕು.

ಕೊನೆಯದಾಗಿ, ಚಿತ್ರದ ಮೇಲೆ ಅಡ್ಡಲಾಗಿ ಮಂಕು ಪಟ್ಟೆಯೊಂದು ನಿಧಾನವಾಗಿ ಏರುತ್ತಲೋ ಇಳಿಯುತ್ತಲೋ ಇದ್ದರೆ ಅದು ಅರ್ತಿಂಗ್‌ನ ವ್ಯತ್ಯಾಸ. ನಮ್ಮ ವಿದ್ಯುತ್ತೂ 50 ಹರ್ಟ್ಸ್, ಪಾಲ್ ಫೀಲ್ಡೂ 50. ಎರಡೂ ಹೆಚ್ಚುಕಡಿಮೆ ಜೊತೆಯಲ್ಲೇ ನಡೆಯುವುದರಿಂದ ಪಟ್ಟೆ ತೆವಳುತ್ತದೆ. ಎನ್‌ಟಿಎಸ್‌ಸಿ ಡಿಸ್ಕ್ ಹಾಕಿದರೆ ಅದೇ ದೋಷ ಸೆಕೆಂಡಿಗೆ ಸುಮಾರು ಹತ್ತು ಸಲ ಮಿನುಗುತ್ತದೆ. ಪ್ಲೇಯರ್ ಮತ್ತು ಪ್ಯಾನೆಲ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಹೋಗದಿದ್ದರೆ ಕೇಬಲ್ ಟಿವಿಯ ವೈರನ್ನು ಬಿಚ್ಚಿ ನೋಡಿ, ಬಹಳ ಸಲ ಅರ್ತ್ ಸುತ್ತುಬಳಸಿ ಬರುವುದು ಅದರ ಹೊರಜಾಲರಿಯಿಂದ. ಪಟ್ಟೆ ಹೋಗುತ್ತದೆಂದು ಪ್ಲಗ್ಗಿನ ದಪ್ಪ ಅರ್ತ್ ಪಿನ್ನನ್ನು ಕತ್ತರಿಸುವವರನ್ನು ನಾನು ಕಂಡಿದ್ದೇನೆ. ಮಕ್ಕಳು ಕೈಯಿಡುವ ಶಾಲೆಯ ಪ್ಯಾನೆಲ್‌ನಲ್ಲಿ ಹಾಗೆ ಕತ್ತರಿಸಿದ್ದು ಕಂಡರೆ, ಚಿತ್ರದ ವಿಷಯ ಬದಿಗಿಟ್ಟು ಮೊದಲು ಪ್ಲಗ್ ಬದಲಿಸಿ.