ಪತ ಎಲ್ಲರಿಗೂ ತಿಳಿಯಬೇಕು, ಲೆಕ್ಕ ಯಾರಿಗೂ ಕಾಣಬಾರದು

ಕಲಬುರಗಿಯ ಗಂಜ್‌ಗೆ ಹೊಸ ಖರೀದಿದಾರ ಬಂದು ತೊಗರಿಯನ್ನು ಉದ್ರಿ ಕೇಳಿದರೆ, ಅಡತಿ ಅಂಗಡಿಯವರು ಪರಿಚಯದ ಒಂದೆರಡು ಅಂಗಡಿಗೆ ಫೋನ್ ಮಾಡುತ್ತಾರೆ. ‘ಕೊಡಿ, ಅಡ್ಡಿಯಿಲ್ಲ’ ಎಂಬ ಉತ್ತರ ಬರುತ್ತದೆ. ಇಲ್ಲವೇ ಮಾತು ಮಳೆಯ ಕಡೆಗೆ ಹೊರಳುತ್ತದೆ. ಅಷ್ಟರಲ್ಲಿ ಅರ್ಥವಾಗಿರುತ್ತದೆ. ಎಷ್ಟು ಬಾಕಿ, ಏಕೆ ಬಾಕಿ ಎಂಬುದು ಆ ಅಂಗಡಿಯ ಖಾತೆ ಪುಸ್ತಕ ದಾಟುವುದಿಲ್ಲ.

ಒಬ್ಬರ ಪತ ವಿಚಾರಿಸುವ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಹೊರಟಾಗ ತೊಡಕು ಎದುರಾಯಿತು. 1990ರ ದಶಕದಲ್ಲಿ ಇ-ಬೇ ಎಂಬ ಆನ್‌ಲೈನ್ ಪೇಟೆಯಲ್ಲಿ ಮಾರಾಟಗಾರರಿಗೆ ಗಿರಾಕಿಗಳು ಕೊಡುವ ಅಂಕ ಬಂತು, 2000ದಲ್ಲಿ ಸಾಲಗಾರರ ದಾಖಲೆ ಇಡುವ ಸಿಬಿಲ್ ಕಂಪನಿ ಹುಟ್ಟಿತು, 2005ರಲ್ಲಿ ಸಾಲ ಮಾಹಿತಿ ಕಂಪನಿಗಳಿಗೆ ಕಾನೂನೂ ಆಯಿತು. ಇಲ್ಲೆಲ್ಲ ತಪ್ಪಾದರೆ ತಟ್ಟಲು ಒಂದು ಬಾಗಿಲಾದರೂ ಇತ್ತು.

ನಡುವೆ ಯಾವ ಕಂಪನಿಯೂ ಇಲ್ಲದೆ, ಅಂದರೆ ಬಾಗಿಲೇ ಬೇಡವೆಂದವರ ಕಥೆ ಬೇರೆ. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶ ಹೊರತಂದರು. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಕೀಲಿ, ಅಂದರೆ ಅವರಿಗೆ ಗುಟ್ಟಿನ ಸಂದೇಶ ಕಳಿಸಲು ಬೇಕಾದ ಸಂಕೇತ ಇರುತ್ತದೆ. ಈ ಕೀಲಿ ಇವರದ್ದೇ ಎಂದು ಬಲ್ಲವರು ಅದಕ್ಕೆ ಡಿಜಿಟಲ್ ಸಹಿ ಹಾಕಬೇಕು. ಸಹಿಯಿಂದ ಸಹಿಗೆ ನಂಬಿಕೆ ಹಬ್ಬಬೇಕು. ಸೊಗಸಾದ ಯೋಚನೆಯೇ. ಆದರೆ ಸಹಿಗಳು ದಿನಾಂಕ ಸಮೇತ ಸಾರ್ವಜನಿಕ ಸರ್ವರ್‌ಗಳಲ್ಲಿ ಕುಳಿತವು. ಯಾರಿಗೆ ಯಾರು ಬೇಕಾದವರು ಎಂಬುದನ್ನು ಊರಿಗೆಲ್ಲ ಸಾರಿದಂತಾಯಿತು. ಅದೂ ಗುಟ್ಟು ಕಾಯಲೆಂದೇ ಹುಟ್ಟಿದ ಸಾಧನದಲ್ಲಿ! ಆ ಸರ್ವರ್‌ಗಳು ಸೇರಿಸುತ್ತಿದ್ದವೇ ಹೊರತು ಅಳಿಸುತ್ತಿರಲಿಲ್ಲ. 2019ರಲ್ಲಿ ಕಿಡಿಗೇಡಿಗಳು ಕೆಲವರ ಕೀಲಿಗಳ ಮೇಲೆ ಲಕ್ಷಕ್ಕೂ ಹೆಚ್ಚು ಕಸದ ಸಹಿ ಸುರಿದರು, ತಂತ್ರಾಂಶ ಉಸಿರುಗಟ್ಟಿತು. ಸರ್ವರ್‌ನಿಂದ ಬರುವ ಪರರ ಸಹಿಗಳನ್ನು ಕಡೆಗಣಿಸುವುದೇ ಆಮೇಲೆ ರೂಢಿಯಾಯಿತು.

ಕೇಂದ್ರ ಪ್ರಾಧಿಕಾರವಿಲ್ಲದಿದ್ದರೆ ಒಬ್ಬನೇ ನೂರು ಹೆಸರಿನಲ್ಲಿ ಬಂದು ತನ್ನನ್ನು ತಾನೇ ಹೊಗಳಿಕೊಳ್ಳಬಹುದು ಎಂದು ಕಂಪ್ಯೂಟರ್ ಸಂಶೋಧಕ ಜಾನ್ ಡೌಸರ್ 2002ರಲ್ಲೇ ತೋರಿಸಿದ್ದರು. ಅದನ್ನು ತಡೆಯಲು ಗುರುತಿನ ಚೀಟಿ ಕೇಳಿದರೆ ಖಾಸಗಿತನ ಹೋಯಿತು, ಕೇಳದಿದ್ದರೆ ಅಂಕಕ್ಕೆ ಬೆಲೆಯಿಲ್ಲ. ಹೆಸರು ಮರೆಮಾಚಿದರೂ ಸಣ್ಣ ಪೇಟೆಯಲ್ಲಿ ಫಲವಿಲ್ಲ. ಯಾವ ದಿನ, ಎಷ್ಟು ಕ್ವಿಂಟಲ್ ಎಂದರೆ ಸಾಕು, ಆಸಾಮಿ ಯಾರೆಂದು ಹಮಾಲರೂ ಹೇಳುತ್ತಾರೆ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕನ್ನೂ ಬರೆಯಿತು. ಹಲವರ ಕಂಪ್ಯೂಟರ್‌ಗಳಲ್ಲಿ ಹಂಚಿಹೋಗಿರುವ, ಬರೆದದ್ದು ಅಳಿಯದ ಬ್ಲಾಕ್‌ಚೈನ್‌ನಂತಹ ಒಡೆಯನಿಲ್ಲದ ಕಡತದ ವಿಷಯದಲ್ಲಿ ಅರ್ಜಿ ಯಾರಿಗೆ ಕೊಡಬೇಕು?

ಗಣಿತದಲ್ಲಿ ಒಂದು ದಾರಿಯಿದೆ. ಲೆಕ್ಕ ಬಿಚ್ಚದೆಯೇ ‘ಬಾಕಿಯಿಲ್ಲ’ ಎಂಬುದನ್ನಷ್ಟೇ ಸಾಬೀತುಪಡಿಸುವ ಶೂನ್ಯಜ್ಞಾನ ಪುರಾವೆಯನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಗೋಲ್ಡ್‌ವಾಸರ್, ಮಿಕಾಲಿ ಮತ್ತು ರ‍್ಯಾಕಫ್ 1985ರಲ್ಲೇ ಮುಂದಿಟ್ಟಿದ್ದರು. ಆದರೆ ಪುರಾವೆ ಯಾವುದಿರಬೇಕೆಂದು ಸಾಲಗಾರನೇ ಆರಿಸುವಂತಾದರೆ ಕೆಟ್ಟ ಗುರುತು ಹೊರಬರುವುದೇ ಇಲ್ಲ. ಅದಕ್ಕಾಗಿ ಕೆಟ್ಟ ಗುರುತನ್ನು ಅಳಿಸಲಾಗದಂತೆ ಕೆತ್ತಬೇಕೆನ್ನುವವರಿದ್ದಾರೆ. ಅವರು 2022ರ ಹಂಗಾಮನ್ನು ನೋಡಬೇಕಿತ್ತು. ನೆಟೆ ರೋಗಕ್ಕೆ ಈ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತ್ತು. ಆ ವರ್ಷ ಕಟ್ಟಲಾಗದ ಕಂತು ಅಂತಹ ಕಡತದಲ್ಲಿ ಕಂತಾಗಿಯಷ್ಟೇ ದಾಖಲಾಗುತ್ತದೆ. ರೋಗವನ್ನು ಬರೆಯಲು ಅಲ್ಲಿ ಕಾಲಮ್ಮೇ ಇಲ್ಲ.